ಹಕಾರ

ನಲವತ್ತು ದಿನ ಅಂತ ಈಗ ಎಲ್ಲರೂ ಹೇಳುತ್ತಾರೆ. ಎಣಿಸಿದವನು ನಾನು.
ನೀರು ಹೊರುವ ತೊಗಲಚೀಲದ ದಾರಕ್ಕೆ ದಿನಕ್ಕೊಂದು ಗಂಟು.
ಏಲಾ ಕಣಿವೆಯ ಈ ದಿಣ್ಣೆಯಲ್ಲಿ ನಾವು, ಆ ದಿಣ್ಣೆಯಲ್ಲಿ ಅವರು,
ನಡುವೆ ಒಂದು ಸಣಕಲು ಹಳ್ಳ,
ಹಗಲು ಯಾರದೂ ಅಲ್ಲ, ರಾತ್ರಿ ಇಬ್ಬರದೂ.

ಬೆಳಗಾದರೆ ಇಳಿದು ಬರುತ್ತಿದ್ದ ಗತ್ ಊರಿನ ಆ ಭಾರಿ ಆಸಾಮಿ.
ಮೊದಲು ಅವನ ಕಂಚಿನ ಹೊಳಪು ಬಂದು ಕಣ್ಣಿಗೆ ಚುಚ್ಚುತ್ತಿತ್ತು,
ಆಮೇಲೆ ಸದ್ದು, ಎಷ್ಟೋ ಹೊತ್ತಿನ ಮೇಲೆ ಅವನು.
ಕಾಲೂರಿ ನಿಂತು, ನಮ್ಮದೇ ಮಾತಿನಲ್ಲಿ ಕೂಗುತ್ತಿದ್ದ:
"ನಿಮ್ಮಲ್ಲೊಬ್ಬ ಹಾಳನ್ನು ಕಳಿಸಿ!"

ಆಳು ಅನ್ನಬೇಕಿತ್ತು.
ಕಡಲ ದಂಡೆಯವರ ನಾಲಿಗೆ ಅದು,
ಬೇಡದ ಕಡೆ ಒಂದು ಹಕಾರ.
ಅವರ ಉಪ್ಪಿನ ವ್ಯಾಪಾರಿ ಸಂತೆಯಲ್ಲಿ ಹೀಗಂದರೆ
ನಮ್ಮ ಹೆಂಗಸರು ಮುಸುಕು ಬಾಯಿಗೊತ್ತಿ ನಗುತ್ತಿದ್ದರು.
ಇಲ್ಲಿ ಇಡೀ ದಂಡು, ಗಡ್ಡ ಬಂದ ಗಂಡಸರು,
ಒಬ್ಬರೂ ನಗಲಿಲ್ಲ.
ಒಂದು ಕೆಮ್ಮು ಕೂಡ ಇಲ್ಲ.

ನನ್ನ ಪಕ್ಕದ ಹೆಜೀರ, ಕತ್ತೆಕಿರುಬವನ್ನು ಕೈಯಲ್ಲೇ ಹಿಸುಕಿದೆ ಎನ್ನುವವನು,
ಅವನ ಕೂಗು ಶುರುವಾದರೆ ಬಗ್ಗಿ ಕೆರದ ಬಾರು ಬಿಗಿಯುತ್ತಿದ್ದ.
ಕೂಗು ಮುಗಿಯುವವರೆಗೂ ಬಿಗಿಯುತ್ತಲೇ ಇದ್ದ.
ಎರಡು ಸಲ ಬಾರು ಹರಿಯಿತು.
ನಾನು? ಹಾಳನ್ನಲ್ಲವೇ ಕೇಳಿದ್ದು, ನನ್ನನ್ನಲ್ಲವಲ್ಲ,
ಅಂದುಕೊಂಡು ನಿಂತಿರುತ್ತಿದ್ದೆ.

ಮೂವತ್ತೊಂಬತ್ತನೆಯ ಗಂಟಿನ ರಾತ್ರಿ ನೀರಿಗೆ ಇಳಿದೆ.
ಚಂದ್ರ ಇರಲಿಲ್ಲ. ಹಳ್ಳದಾಚೆ ಒಂದು ಬಂಡೆ ಅಲುಗಿತು;
ಬಂಡೆಯಲ್ಲ. ನೀರಲ್ಲಿ ಕಾಲು ಬಿಟ್ಟು ಕೂತಿದ್ದ.
ಕಂಚಿಲ್ಲ, ಈಟಿಯಿಲ್ಲ, ಗುರಾಣಿ ಹೊರುವವನಿಲ್ಲ.
ಕಣಕಾಲಿನ ಹುಣ್ಣಿಗೆ ನೀರು ಎರಚಿಕೊಳ್ಳುತ್ತ
ತನಗೆ ತಾನೇ, ಮಗುವಿಗೆ ಕಲಿಸುವಷ್ಟು ಮೆತ್ತಗೆ,
"ಹಾಳು," ಅಂದ.
ತಲೆಯಾಡಿಸಿದ. "ಹಾಳು. ಹ... ಹಾಳು."
ಗೊತ್ತಿತ್ತು ಅವನಿಗೆ. ಎಲ್ಲಿ ತಪ್ಪು ಎನ್ನುವುದು ಮಾತ್ರ ಸಿಗುತ್ತಿರಲಿಲ್ಲ.

ಏಲಾ ಮರದ ಹಿಂದೆ ನಾನು.
ಉಸಿರು ಬಿಗಿಹಿಡಿದಿದ್ದೆ, ಆದರೆ ನಾಲಿಗೆ ಹಾಳಾದ್ದು, ನಾನು ಹೇಳಿದ್ದು ಕೇಳಬೇಕಲ್ಲ.
"ಆಳು," ಅಂದುಬಿಟ್ಟೆ.

ಹಳ್ಳ ನಿಂತ ಹಾಗಾಯಿತು.
ಅವನು ಏಳಲಿಲ್ಲ. ಮರದ ಕಡೆ ಮುಖ ತಿರುಗಿಸಿದ,
ಅಷ್ಟು ದೊಡ್ಡ ಮುಖದಲ್ಲಿ ಏನಿದೆ ಅಂತ ಕತ್ತಲಲ್ಲಿ ಕಾಣಲಿಲ್ಲ.
"ಆಳು?" ಅಂದ.
"ಹೂಂ," ಅಂದೆ.
ನನ್ನ ಚೀಲ ತುಂಬುವವರೆಗೆ ಕಾದು ಕೂತಿದ್ದ.

ಮರುದಿನ ಹೊಳಪು, ಸದ್ದು, ಅವನು.
"ನಿಮ್ಮಲ್ಲೊಬ್ಬ ಆಳನ್ನು ಕಳಿಸಿ!"
ಸ್ವಚ್ಛ. ನಮ್ಮಮ್ಮ ಅನ್ನುವ ಹಾಗೆ.
ಯಾರೂ ಗಮನಿಸಲಿಲ್ಲ; ಹೆಜೀರ ಬಾರು ಬಿಗಿಯುತ್ತಿದ್ದ.
ನನಗೆ ಮಾತ್ರ ಹೆಸರು ಹಿಡಿದು ಕರೆದ ಹಾಗೆ ಕೇಳಿತು.
ಇನ್ನು ತಿಳಿಯಲಿಲ್ಲ ಅನ್ನುವ ಹಾಗಿಲ್ಲ.
ಹೋಗಬೇಕಿದ್ದವನು ನಾನು.
ನೀರಿನ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ
ನಿಂತೇ ಇದ್ದೆ.

ಅಣ್ಣಂದಿರಿಗೆ ಗಿಣ್ಣು ತಂದಿದ್ದ ಹುಡುಗ, ಕವಣೆ, ಕಲ್ಲು:
ಅದು ನಿಮಗೆ ಗೊತ್ತಿರುವುದೇ.
ನನಗೆ ಗೊತ್ತಿರುವುದು, ಕೂದಲು ಹಿಡಿದು ತಲೆಯನ್ನು ದಿಣ್ಣೆ ಹತ್ತಿಸುವಾಗ
ಬಾಯಿ ತೆರೆದೇ ಇತ್ತು,
ಆ ಅನ್ನಲು ಎಷ್ಟು ಬೇಕೋ ಅಷ್ಟು.

ಆಗ ನಗು ಬಂತು ದಂಡಿಗೆ.
ನಲವತ್ತು ದಿನದ್ದು ಒಟ್ಟಿಗೇ.
"ಹಾಳನ್ನು ಕಳಿಸಿ! ಹಾಳನ್ನು!" ಎಲ್ಲರಿಗಿಂತ ಜೋರಾಗಿ ಹೆಜೀರ.
ಈಗಲೂ ದ್ರಾಕ್ಷಾರಸ ಒಳಗಿಳಿದರೆ ಹಾಗೇ ಅಣಕಿಸುತ್ತಾನೆ,
ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ.
ಕೊನೆಗೆ ಅವನು ಸರಿಯಾಗಿ ಅಂದಿದ್ದ ಅಂತ
ನಾನು ತಿದ್ದುವುದಿಲ್ಲ.
ತಿದ್ದಿದ್ದು ಒಂದೇ ಸಲ.